ಕ್ಯಾಲೆಂಡರ್ ಸುಂದರಿಯರ ಮೂಲಚಿತ್ರಗಳು

ಅಪ್ಸರೆ, ಮೋಹಿನಿ, ವಿರಹದ ರಾಜಕುಮಾರಿ ಎಂದು ಕಲ್ಪನೆಯ ಚೆಲುವೆಯರನ್ನು ಅಚ್ಚಿಗೆಂದೇ ಬರೆದ ಮೂಲಚಿತ್ರಗಳಿಗೆ ಕಲಾಪ್ರಪಂಚ ಬಹುಕಾಲ ಮರ್ಯಾದೆ ಕೊಡಲಿಲ್ಲ. ಬ್ಲಾಕು ತಯಾರಾದ ಮೇಲೆ ಚಿತ್ರ ಪ್ರೆಸ್ಸಿನ ಮೂಲೆ ಸೇರುತ್ತಿತ್ತು, ಇಲ್ಲವೇ ಗುಜರಿಗೆ ಹೋಗುತ್ತಿತ್ತು. ಇಂದು ಅಂಥವಕ್ಕೇ ಬೇಡಿಕೆ. ಅಮೆರಿಕದ ಫ್ರಾಂಕ್ ಫ್ರಜೆಟಾ 1969ರಲ್ಲಿ ಪತ್ರಿಕೆಯೊಂದರ ಮುಖಪುಟಕ್ಕೆ ಬರೆದ ‘ಈಜಿಪ್ಷಿಯನ್ ಕ್ವೀನ್’ 2019ರ ಹರಾಜಿನಲ್ಲಿ 54 ಲಕ್ಷ ಡಾಲರಿಗೆ ಮಾರಾಟವಾಯಿತು.

ಭಾರತದಲ್ಲಿ ಈ ಪರಂಪರೆಯ ಬೇರು ಕಲ್ಲಚ್ಚಿನಲ್ಲಿದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದಾಗ ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ. ಅದರಲ್ಲಿ ಮೇನಕೆಯೂ ಇದ್ದಾಳೆ. ಪುರಾಣದ ಹೆಸರಿದ್ದರೆ ಶೃಂಗಾರಕ್ಕೆ ನಡುಮನೆಯ ಗೋಡೆಯಲ್ಲೂ ಜಾಗ ಸಿಗುತ್ತಿತ್ತು.

ಆ ದಾರಿಯಲ್ಲಿ ಬಹಳ ಮುಂದೆ ಹೋದ ಕನ್ನಡಿಗ ಎಸ್. ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಅವರು ಮುಂಬಯಿಗೆ ಹೋಗಿ ಮೆಟ್ರೊ ಚಿತ್ರಮಂದಿರಕ್ಕೆ ಹಾಲಿವುಡ್ ಸಿನಿಮಾಗಳ ಜಾಹೀರಾತು ಫಲಕ ಬರೆದರು, ‘ಫಿಲ್ಮಿಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು. ಸಿನಿಮಾ ದೀಪದ ಬೆಳಕು, ತುಂಬಿದ ಮೈಕಟ್ಟು, ಹೊಳೆಯುವ ಚರ್ಮ, ಇವೆಲ್ಲ ಅಲ್ಲಿಂದ ಅವರ ವಿಶ್ವಾಮಿತ್ರ-ಮೇನಕೆ, ನಳ-ದಮಯಂತಿಯರ ಕ್ಯಾಲೆಂಡರುಗಳಿಗೆ ಇಳಿದು ಬಂದವು. ಅವರನ್ನು ಬರೀ ‘ಕ್ಯಾಲೆಂಡರ್ ಕಲಾವಿದ’ ಎಂದು ಬದಿಗೆ ಸರಿಸಿದ್ದು ವಿಮರ್ಶಕರ ಬಿಗುಮಾನವೇ ಸರಿ. 1993ರಲ್ಲಿ ತೀರಿಕೊಂಡ ಅವರ ಹೆಸರನ್ನು ಕಲಬುರಗಿಯ ರಂಗಮಂದಿರಕ್ಕೆ ಇಟ್ಟಿದ್ದಾರೆ.

ಸಂಗ್ರಾಹಕನಿಗೆ ಮೊದಲ ಪರೀಕ್ಷೆ ಮೂಲವನ್ನೂ ಅಚ್ಚನ್ನೂ ಬೇರ್ಪಡಿಸುವುದು. ಭೂತಗನ್ನಡಿ ಹಿಡಿದರೆ ಆಫ್‌ಸೆಟ್ ಅಚ್ಚಿನಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಸಣ್ಣ ಹೂವಿನಂತೆ ಗುಂಪುಗೂಡಿರುತ್ತವೆ. ಕಲ್ಲಚ್ಚಿನಲ್ಲಿ ಚುಕ್ಕೆಗಳು ಚೆಲ್ಲಾಪಿಲ್ಲಿ. ಮೂಲದಲ್ಲಿ ಚುಕ್ಕೆಯೇ ಇಲ್ಲ, ಕುಂಚದ ಗೆರೆ ಇರುತ್ತದೆ. ಸಾಮಾನ್ಯವಾಗಿ ಅದು ಅಚ್ಚಿಗಿಂತ ದೊಡ್ಡದು. ಅಂಚಿನಲ್ಲಿ ಪೆನ್ಸಿಲ್ ಗುರುತು, ತಿದ್ದಿದ ಕಡೆ ಬಿಳಿ ಬಣ್ಣದ ತೇಪೆ, ಅಂಗಡಿಯ ಹೆಸರಿಗೆ ಬಿಟ್ಟ ಖಾಲಿ ಜಾಗ ಕಂಡರೆ ನಂಬಿಕೆ ಹೆಚ್ಚುತ್ತದೆ. ವಾರ್ನಿಷ್ ಬಳಿದು, ಕ್ಯಾನ್ವಾಸಿನ ನೇಯ್ಗೆ ಮೂಡಿಸಿದ ಹಳೆಯ ಓಲಿಯೊಗ್ರಾಫುಗಳು (ತೈಲಚಿತ್ರದಂತೆ ಕಾಣುವ ಅಚ್ಚುಗಳು) ಮಾತ್ರ ಅನುಭವಿಗಳನ್ನೂ ಏಮಾರಿಸುತ್ತವೆ. ಬಾಯಿಮಾತಿನ ಹೆಸರನ್ನು ನಂಬುವುದೂ ಅಪಾಯವೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಸುಂದರಿಯನ್ನು ರವಿವರ್ಮನದೆಂದೇ ಹೇಳುವವರು ಇಂದಿಗೂ ಇದ್ದಾರೆ, ಅದು ಎಸ್. ಎಲ್. ಹಳದಣಕರ್ ಬರೆದ ಜಲವರ್ಣಚಿತ್ರ.

ಕೊಂಡದ್ದನ್ನು ಉಳಿಸಿಕೊಳ್ಳುವುದು ಕರಾವಳಿಯಲ್ಲಿ ಇನ್ನೂ ಕಷ್ಟ. ಮಂಗಳೂರಿನ ಕಾವೂರಿನಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಿದ ಚಿತ್ರದ ಬೆನ್ನಿಗೆ ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಒರಲೆ ಬರುತ್ತದೆ. ಒಳಗೋಡೆಯೇ ಲೇಸು, ಅಲ್ಲೂ ಚಿತ್ರದ ಹಿಂದೆ ಗಾಳಿಯಾಡುವಂತೆ ಸ್ವಲ್ಪ ಅಂತರ ಬೇಕು. ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಚೌಕಟ್ಟು ಕೊಡಿಸಬೇಕು. ಪೋಸ್ಟರ್ ಬಣ್ಣದ ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೇನಕೆಯ ಮುಖವೇ ಬಟ್ಟೆಗೆ ಬರುತ್ತದೆ.

ಚಿತ್ರ ಕೊಂಡ ಮಾತ್ರಕ್ಕೆ ಅದನ್ನು ಮತ್ತೆ ಅಚ್ಚು ಹಾಕಿಸುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಆ ಹಕ್ಕು ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಹಣ ಕೊಟ್ಟು ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಸಿದವರೇ ಅದರ ಮೊದಲ ಹಕ್ಕುದಾರರು. ನೂರು ವರ್ಷ ದಾಟಿದ ಕಲಾಕೃತಿಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ರವಿವರ್ಮನ ಕೃತಿಗಳನ್ನು 1979ರಲ್ಲೇ ರಾಷ್ಟ್ರೀಯ ಕಲಾನಿಧಿಯೆಂದು ಘೋಷಿಸಲಾಗಿದೆ. ಅವನ್ನು ದೇಶದೊಳಗೆ ಮಾರಬಹುದು, ಕೊಳ್ಳಬಹುದು. ಗಲ್ಫಿನಲ್ಲಿರುವ ಮಕ್ಕಳ ಮನೆಗೆ ಒಯ್ಯುವಂತಿಲ್ಲ.