ಶೇಕಡಾ ಒಂದನ್ನೂ ಮುಟ್ಟದ ಫ್ರೆಕ್ಸಿಟ್

ಯೂರೋಪ್ ಒಕ್ಕೂಟಕ್ಕೆ ಬುನಾದಿ ಹಾಕಿದ ರೋಮ್ ಒಪ್ಪಂದಕ್ಕೆ ಐವತ್ತು ತುಂಬಿದ ದಿನವೇ, 2007ರ ಮಾರ್ಚ್ 25ರಂದು, ಫ್ರಾನ್ಸ್ವಾ ಅಸ್ಲಿನೊ ಯುಪಿಆರ್ ಪಕ್ಷ ಕಟ್ಟಿದರು. ಫ್ರಾನ್ಸ್ ಒಕ್ಕೂಟದಿಂದ ಹೊರಬರಬೇಕು, ಅಂದರೆ ಫ್ರೆಕ್ಸಿಟ್ ಆಗಬೇಕು ಎಂಬುದೇ ಅದರ ಬೇಡಿಕೆ. ಹಣಕಾಸು ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಅವರ ಮಾತಿನಲ್ಲಿ ಘೋಷಣೆಗಿಂತ ಕಾನೂನಿನ ಕಲಮುಗಳೇ ಹೆಚ್ಚು. ಹೊರಹೋಗಲು ದಾರಿ ಕೊಡುವ, ಒಕ್ಕೂಟದ ಒಪ್ಪಂದದ 50ನೇ ವಿಧಿಯಂತೂ ಪದೇ ಪದೇ ಬರುತ್ತದೆ. 2017ರ ಅಧ್ಯಕ್ಷ ಚುನಾವಣೆಯಲ್ಲಿ ಸಿಕ್ಕಿದ್ದು ಮಾತ್ರ ಶೇ. 0.92 ಮತ. ಮಾಧ್ಯಮಗಳು ಮೂಲೆಗೊತ್ತಿದವು ಎಂಬುದು ಬೆಂಬಲಿಗರ ದೂರು. ಆದರೆ ಆ ಸಲ ಹನ್ನೊಂದೂ ಅಭ್ಯರ್ಥಿಗಳು ಸೇರಿದ್ದ ಟಿವಿ ಚರ್ಚೆಯಲ್ಲಿ ಅವರೂ ನಿಂತಿದ್ದರು.

2005ರ ಜನಮತಗಣನೆಯಲ್ಲಿ ಯೂರೋಪ್ ಸಂವಿಧಾನವನ್ನು ಸುಮಾರು ಶೇ. 55 ಮತಗಳಿಂದ ತಿರಸ್ಕರಿಸಿದ ದೇಶವಲ್ಲವೇ ಇದು ಎಂದು ಕೇಳಬಹುದು. ನಿಜ. ಆದರೆ ಒಕ್ಕೂಟದ ಆಡಳಿತವಿರುವ ಬ್ರಸೆಲ್ಸ್ ಮೇಲಿನ ಸಿಟ್ಟು ಬೇರೆ, ಜೇಬಿನಲ್ಲಿರುವ ಯೂರೋ ಬಿಟ್ಟುಕೊಡುವುದು ಬೇರೆ. ಕಟ್ಟಾ ಬಲಪಂಥೀಯ ನಾಯಕಿ ಮರೀನ್ ಲ ಪೆನ್ ಕೂಡ 2017ರ ಅಧ್ಯಕ್ಷ ಚುನಾವಣೆಯಲ್ಲಿ ಸೋತ ಮೇಲೆ ಯೂರೋ ತೊರೆಯುವ ಮಾತನ್ನು ಕೈಬಿಟ್ಟರು.