ಚ್‌ರೂಟ್ ಒಳಗಿನ ಲಾಗ್ ಎಲ್ಲಿ ಮಾಯ ಆಯ್ತು?

ಬಳಕೆದಾರ ಎಸ್‌ಎಫ್‌ಟಿಪಿಗೆ ಲಾಗಿನ್ ಆಗಿದ್ದು ಲಾಗ್‌ನಲ್ಲಿದೆ. ಯಾವ ಫೈಲ್ ಅಳಿಸಿದ ಅನ್ನೋದು ಮಾತ್ರ ಇಲ್ಲ! ಎರರ್ ಕೂಡ ಇಲ್ಲ.

ಕಾರಣ ಚ್‌ರೂಟ್. ಅದರೊಳಗೆ ಸೇರಿದ ಪ್ರೋಗ್ರಾಂಗೆ ಕೊಟ್ಟ ಡೈರೆಕ್ಟರಿಯೇ ಇಡೀ ಪ್ರಪಂಚ. ಸಿಸ್‌ಲಾಗ್ ಫಂಕ್ಷನ್ ತನ್ನ ಸಂದೇಶವನ್ನ '/ಡೆವ್/ಲಾಗ್' ಅನ್ನೋ ಸಾಕೆಟ್‌ಗೆ ಕಳಿಸುತ್ತೆ. ಸಾಕೆಟ್ ಇರೋದು ಹೊರಗೆ. ಒಳಗಿಂದ ಹುಡುಕಿದ್ರೆ ಸಿಗಲ್ಲ. ಸಿಗಲಿಲ್ಲ ಅಂತ ಫಂಕ್ಷನ್ ಹೇಳೋದೂ ಇಲ್ಲ, ಅದರ ರಿಟರ್ನ್ ಟೈಪೇ ವಾಯ್ಡ್!

ಹಾರ್ಡ್ ಲಿಂಕ್ ಮಾಡಿದ್ರೆ ಸಾಕು ಅಂತಾರೆ ಕೆಲವರು. ಬೇಡ. ಲಾಗ್ ಡೀಮನ್ ರೀಸ್ಟಾರ್ಟ್ ಆಗಿ ಹೊಸ ಸಾಕೆಟ್ ಹುಟ್ಟಿದ ಕೂಡಲೇ ನಿಮ್ಮ ಲಿಂಕ್ ಹಳೇ ಸಾಕೆಟ್ ಹಿಡಿದು ಕೂತಿರುತ್ತೆ. ಚ್‌ರೂಟ್ ಒಳಗೊಂದು 'ಡೆವ್' ಡೈರೆಕ್ಟರಿ ಮಾಡಿ, ರೂಟ್ ಹೆಸರಲ್ಲೇ ಇರಲಿ. ಆರ್‌ಸಿಸ್‌ಲಾಗ್‌ನ ಐಎಂಯುಎಕ್ಸ್‌ಸಾಕ್ ಮಾಡ್ಯೂಲ್‌ಗೆ ಅಲ್ಲೂ ಒಂದು ಸಾಕೆಟ್ ತೆರೆಯೋಕೆ ಹೇಳಿ. ಮುಗೀತು.

ಓಪನ್‌ಬಿಎಸ್‌ಡಿಯವರು 2014ರಲ್ಲೇ, 5.6ನೇ ಆವೃತ್ತಿಯಲ್ಲಿ, 'ಸೆಂಡ್‌ಸಿಸ್‌ಲಾಗ್' ಅನ್ನೋ ಸಿಸ್ಟಂ ಕಾಲ್ ತಂದು ಸಾಕೆಟ್‌ನ ಈ ತಲೆನೋವನ್ನೇ ತೆಗೆದುಹಾಕಿದ್ರು. ನನ್ನ ಪ್ರಕಾರ ಅದೇ ಸರಿಯಾದ ದಾರಿ.

ಇನ್ನೊಂದು ತಮಾಷೆ: ಕೆಲವೊಮ್ಮೆ ಲಾಗ್ ಬರುತ್ತೆ, ಆದ್ರೆ ಸಮಯ ಐದೂವರೆ ಗಂಟೆ ಹಿಂದೆ! ಒಳಗೆ '/ಇಟಿಸಿ/ಲೋಕಲ್‌ಟೈಮ್' ಇಲ್ಲದಿದ್ರೆ ಪ್ರೋಗ್ರಾಂ ಯುಟಿಸಿ ಸಮಯ ಬರೆಯುತ್ತೆ. ಆ ಫೈಲನ್ನೂ ಕಾಪಿ ಮಾಡಿ.

ಸೆಟಪ್ ಆದ್ಮೇಲೆ ಒಂದು ಫೈಲ್ ಅಳಿಸಿ ಲಾಗ್ ನೋಡಿ. ಆರ್‌ಸಿಸ್‌ಲಾಗ್ ರೀಸ್ಟಾರ್ಟ್ ಮಾಡಿ, ಹೊಸದಾಗಿ ಲಾಗಿನ್ ಆಗಿ ಇನ್ನೊಂದನ್ನ ಅಳಿಸಿ, ಮತ್ತೆ ನೋಡಿ.