ವೀಸಾ ಮುಗಿದ ಮಾತ್ರಕ್ಕೆ ಜೈಲೇ?

2024ರ ಅಕ್ಟೋಬರ್‌ನಲ್ಲಿ ಮಲ್ಪೆ ಪೊಲೀಸರು ನಕಲಿ ದಾಖಲೆಗಳೊಂದಿಗೆ ನೆಲೆಸಿದ್ದ ಬಾಂಗ್ಲಾದೇಶೀಯರನ್ನು ಬಂಧಿಸಿದರು. ಇಂಥ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಮಾತು: ಇವರಿಗೆ ನಮ್ಮ ಕಾನೂನಿನಲ್ಲಿ ಶಿಕ್ಷೆಯೇ ಇಲ್ಲ.

ಇದು ತಪ್ಪು. 1946ರ ವಿದೇಶಿಯರ ಕಾಯ್ದೆಯಲ್ಲೇ ಐದು ವರ್ಷದವರೆಗೆ ಜೈಲುಶಿಕ್ಷೆ ಇತ್ತು. ಅದರ ಬದಲಿಗೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಜಾರಿಯಲ್ಲಿದೆ.

ಎಲ್ಲ ಉಲ್ಲಂಘನೆಯೂ ಒಂದೇ ಎಂಬುದು ಇನ್ನೂ ದೊಡ್ಡ ತಪ್ಪು ಕಲ್ಪನೆ. ಹೊಸ ಕಾಯ್ದೆಯೇ ಹಾಗೆ ಹೇಳುವುದಿಲ್ಲ. ನಕಲಿ ಪಾಸ್‌ಪೋರ್ಟ್ ಬಳಸಿದವರಿಗೆ ಕನಿಷ್ಠ ಎರಡು, ಗರಿಷ್ಠ ಏಳು ವರ್ಷ ಜೈಲು. ವೀಸಾ ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಮೂರು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಣಿಪಾಲಕ್ಕೆ ಓದಲು ಬಂದು, ವೀಸಾ ನವೀಕರಣದಲ್ಲಿ ಎಡವಿದ ವಿದ್ಯಾರ್ಥಿಯನ್ನೂ ಸುಳ್ಳು ಗುರುತು ಹೊತ್ತು ಬದುಕಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹಿಡಿದ ಕೂಡಲೇ ಗಡಿ ದಾಟಿಸಬಹುದಲ್ಲ ಎನ್ನುವವರೂ ಇದ್ದಾರೆ. ಆದರೆ ಪ್ರಕರಣ ದಾಖಲಾದ ಮೇಲೆ ವಿಚಾರಣೆ, ತೀರ್ಪು, ಶಿಕ್ಷೆ ಮುಗಿಯಬೇಕು. ಆತ ತನ್ನ ಪ್ರಜೆ ಎಂದು ಅವನ ದೇಶವೂ ಒಪ್ಪಬೇಕು. ಅಂದರೆ ಜೈಲು ಹಲವು ಸಲ ಗಡಿಪಾರನ್ನು ಮುಂದೂಡುತ್ತದೆ. ಜೀವ, ಸ್ವಾತಂತ್ರ್ಯಕ್ಕೆ ಸಂವಿಧಾನದ 21ನೇ ವಿಧಿ ನೀಡುವ ರಕ್ಷಣೆಯೂ ನಾಗರಿಕರಿಗೆ ಮಾತ್ರ ಮೀಸಲಲ್ಲ.

ವೀಸಾ ಮೀರಿ ಉಳಿಯುವುದು ಬೇರೆ ದೇಶಗಳಲ್ಲೆಲ್ಲ ಅಪರಾಧವೇ ಎಂಬ ಮಾತೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಕದ್ದು ಗಡಿ ದಾಟುವುದು ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ವೀಸಾ ಮುಗಿದ ಮೇಲೂ ಉಳಿಯುವುದು ಕೇವಲ ಸಿವಿಲ್ ಉಲ್ಲಂಘನೆ, ಅದಕ್ಕೆ ಗಡಿಪಾರೇ ಪರಿಣಾಮ. ಯುಎಇಯಲ್ಲಿ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಆಮ್ನೆಸ್ಟಿ ಇತ್ತು: ದಂಡ ಕಟ್ಟದೆ, ಮರುಪ್ರವೇಶದ ನಿಷೇಧವಿಲ್ಲದೆ ಊರಿಗೆ ಮರಳಬಹುದಿತ್ತು. ಕಾಪು, ಕಾರ್ಕಳದ ಗಲ್ಫ್ ಕುಟುಂಬಗಳಿಗೆ ಆಮ್ನೆಸ್ಟಿಯ ಬೆಲೆ ವಿವರಿಸಬೇಕಾಗಿಲ್ಲ.

ಕಠಿಣ ಶಿಕ್ಷೆ ಬೇಕಾದದ್ದು ನಕಲಿ ಕಾಗದ ಮಾಡಿಕೊಡುವವರಿಗೆ, ವಿಸಿಟ್ ವೀಸಾದಲ್ಲಿ ಕೆಲಸಕ್ಕೆಂದು ಹುಡುಗರನ್ನು ವಿದೇಶಕ್ಕೆ ಕಳುಹಿಸುವ ಏಜೆಂಟರಿಗೆ. ವೀಸಾ ಮುಗಿದಾಗ ಅಲ್ಲಿ ಸಿಕ್ಕಿಬೀಳುವುದು ಹುಡುಗ, ಏಜೆಂಟನಲ್ಲ. ನೋಂದಣಿಯಿಲ್ಲದೆ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸಿದರೆ 1983ರ ವಲಸೆ ಕಾಯ್ದೆ ವಿಧಿಸಿದ್ದು ಎರಡು ವರ್ಷದವರೆಗಿನ ಜೈಲು ಮತ್ತು ಎರಡು ಸಾವಿರ ರೂಪಾಯಿವರೆಗಿನ ದಂಡ.